ಮೀನು ಸೇರದ ಹೆಣ್ಣುಮಕ್ಕಳು

ನನ್ನ ಅಕ್ಕನಿಗೆ ಮೀನು ಸೇರುತ್ತಿರಲಿಲ್ಲ. ಬಿಜೂರಿನಂಥ ಊರಿನಲ್ಲಿ, ಕಡಲಿನ ಗಾಳಿ ಅಂಗಳದವರೆಗೆ ಬರುವ ಮನೆಯಲ್ಲಿ ಹುಟ್ಟಿ ಮೀನು ಸೇರುವುದಿಲ್ಲ ಎನ್ನುವುದು ಸಣ್ಣ ಅಪರಾಧವೇನಲ್ಲ. ಬೆಳಿಗ್ಗೆ ಮೀನಿನವಳು ಜಗಲಿಯಲ್ಲಿ ಬುಟ್ಟಿ ಇಳಿಸಿದ ಕೂಡಲೇ ನಾನು ಎಲ್ಲಿದ್ದರೂ ಓಡಿ ಬರುತ್ತಿದ್ದೆ, ಅಕ್ಕ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಬಡಿಸಿದ ಬಂಗುಡೆಯ ತುಂಡನ್ನು ಅವಳು ಬೆರಳ ತುದಿಯಿಂದ ತಳ್ಳಿ ತಳ್ಳಿ ತನ್ನ ಬಟ್ಟಲಿನ ಅಂಚಿಗೆ ತರುವಳು; ನನಗೆ ಕಣ್ಣು ಮಿಟುಕಿಸುವಳು; ಅಮ್ಮ ಒಲೆಯ ಕಡೆ ತಿರುಗಿದ್ದೇ ತಡ, ತುಂಡು ನನ್ನ ಬಟ್ಟಲಿಗೆ ಹಾರುವುದು. ನನ್ನದನ್ನೂ ತಿಂದು ಅವಳದನ್ನೂ ತಿಂದು ನಾನು ಗುಂಡಗುಂಡಗೆ ಬೆಳೆದೆ.

ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮಿಬ್ಬರ ನಡುವೆ ಹುಟ್ಟಿದ ಎರಡು ಗಂಡುಮಕ್ಕಳು ಹುಟ್ಟಿದ ವಾರದೊಳಗೇ ತೀರಿಕೊಂಡವು. ಹಾಲು ಬಿಟ್ಟು, ಮಂಕಾಗಿ, ಕೈಕಾಲು ಸೆಟೆದು ಹೋದವಂತೆ. ಬಾಲಗ್ರಹ ಅಂದರು. ಆ ಕಾಲದಲ್ಲಿ ಅಂಥ ಸಾವಿಗೆ ಅದಕ್ಕಿಂತ ಹೆಚ್ಚಿನ ಹೆಸರು ಬೇಕಿರಲಿಲ್ಲ. ಮನೆಯಲ್ಲಿ ಆ ಮಕ್ಕಳ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಅಪ್ಪಯ್ಯ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಎದುರಿಗೆ ಕೂತು ಉಣ್ಣುವ ಅಕ್ಕನನ್ನು ನೋಡಿ ನಗುತ್ತಿದ್ದರು.

"ಇವ್ಳ್ ಭಟ್ರ ಮನೇಲ್ ಹುಟ್ಕಿತ್ತ್. ದಾರಿ ತಪ್ಪಿ ನಮ್ಮನಿಗೆ ಬಂದ್ಲ್."

ಅಕ್ಕನೂ ನಗುವಳು. ಮೀನೊಂದೇ ಅಲ್ಲ, ಮೊಟ್ಟೆಯೂ ಆಗದು. ಬೇಳೆ ಸಾರಾದರೆ ಮೇಲಿನ ತಿಳಿ ಮಾತ್ರ ಸಾಕು. ಗಂಜಿ, ಉಪ್ಪಿನಕಾಯಿ, ತಂಬುಳಿ, ಮಾವಿನಹಣ್ಣು ಇದ್ದರೆ ರಾಣಿ. ಯಾರದೋ ಮದುವೆಯಲ್ಲಿ ಒತ್ತಾಯಕ್ಕೆ ಕೋಳಿ ತಿಂದು ಬಂದರೆ ಮರುದಿನವೆಲ್ಲ ತಲೆನೋವು, ವಾಂತಿ. ಅಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿ, ಯಾರದ್ದೋ ಕಣ್ಣು ಬಿದ್ದಿದೆ ಅನ್ನುವಳು. ಅಷ್ಟು ಚೆಂದದ ಹುಡುಗಿಗೆ ಕಣ್ಣು ಬೀಳುವುದು ಸಹಜವೇ ಆಗಿತ್ತು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅಕ್ಕ ಏನು ತಿನ್ನುವುದಿಲ್ಲ ಎನ್ನುವುದು ಇಡೀ ಊರಿಗೆ ಗೊತ್ತಿತ್ತು. ಅಮ್ಮ ಏನು ತಿನ್ನುತ್ತಾಳೆ ಎನ್ನುವುದು ಮನೆಯೊಳಗೂ ಯಾರಿಗೂ ಗೊತ್ತಿರಲಿಲ್ಲ. ಅವಳಷ್ಟು ರುಚಿಯಾಗಿ ಚಟ್ಲಿ, ಅಂದರೆ ಸಿಗಡಿ, ಹುರಿಯುವವರು ನಮ್ಮ ಕೇರಿಯಲ್ಲೇ ಇರಲಿಲ್ಲ. ಆದರೆ ಎಲ್ಲರದೂ ಮುಗಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುವ ಹೆಂಗಸಿನ ಬಟ್ಟಲಿಗೆ ಯಾರು ಇಣುಕುತ್ತಾರೆ? ನಾನೂ ಇಣುಕಲಿಲ್ಲ.

ಅಕ್ಕನನ್ನು ಶಂಕರನಾರಾಯಣ ಎಂಬ ಊರಿನ ಕಡೆ ಕೊಟ್ಟರು. ಒಳ್ಳೆಯ ಜನ. ಬಸುರಿಯಾದಾಗ ಅವಳು ಚೆನ್ನಾಗಿಯೇ ಇದ್ದಳು, ಬಯಕೆ ಊಟದ ದಿನ ಬಡಿಸಿದ ಸಾಲು ಸಾಲು ಪದಾರ್ಥಗಳನ್ನೆಲ್ಲ ಬಿಟ್ಟು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡಳು. ಕುಂದಾಪುರದ ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಯಿತು. ಹೆಣ್ಣು ಮಗು. ಚೊಚ್ಚಲ ಬಾಣಂತನ ತವರಿನದು, ಹಾಗಾಗಿ ಬಿಜೂರಿಗೆ ಕರೆತಂದರು. ಅಮ್ಮ ಅದಕ್ಕಾಗಿ ಆರು ತಿಂಗಳಿಂದ ಊರ ಕೋಳಿ ಸಾಕಿದ್ದಳು.

ನಾನಾಗ ಎಂ.ಬಿ.ಬಿ.ಎಸ್. ಎರಡನೇ ವರ್ಷದಲ್ಲಿದ್ದೆ. ಹಾಸ್ಟೆಲಿನಿಂದ ರಜೆ ಹಾಕಿ ಮಗು ನೋಡಲು ಬಂದೆ. ಬಚ್ಚಲಿನ ಬಿಸಿನೀರು ಮಿಂದು, ತಲೆಗೆ ಬಟ್ಟೆ ಕಟ್ಟಿಕೊಂಡು ಅಕ್ಕ ಕೋಣೆಯಲ್ಲಿ ಕೂತಿದ್ದಳು. ಅಮ್ಮ ಎದುರಿಗೇ ಮಣೆ ಹಾಕಿಕೊಂಡು ಬಟ್ಟಲು ಹಿಡಿದಿದ್ದಳು. ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಮಾಡಿದ ಬಾಣಂತಿಯ ಕೋಳಿ ಸಾರು. ಆ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರಿತು.

"ಅಮ್ಮ, ಸಾಕ್. ಎದಿ ಕಟ್ಟಿದಂಗ್ ಆತ್ತ್," ಅಂದಳು ಅಕ್ಕ.

"ಬಾಣಂತಿ ಅಂದ್ರೆ ತಿನ್ಕ್ ಹೆಣೆ. ನೀ ತಿಂದ್ರೆ ಮಗುಗೆ ಹಾಲ್. ಕುಡಿ. ಪೂರ ಕುಡಿ."

ಅಕ್ಕ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಹಳೆಯ ಹಾಗೆ ಕಣ್ಣು ಮಿಟುಕಿಸಿದಳು. ಆದರೆ ನನ್ನ ಬಟ್ಟಲು ಅವಳ ಪಕ್ಕದಲ್ಲಿರಲಿಲ್ಲ. ಅಮ್ಮ ಒಲೆಯ ಕಡೆ ತಿರುಗಲೂ ಇಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಕುಡಿದಳು. ನಾನು ನಕ್ಕೆ.

ಮರುವಾರ ಹಾಸ್ಟೆಲಿಗೆ ಫೋನ್ ಬಂತು. ನಾನು ಆಸ್ಪತ್ರೆಗೆ ಓಡಿ ಹೋಗುವಷ್ಟರಲ್ಲಿ ಅಕ್ಕನಿಗೆ ಮಗು ಯಾರದ್ದೆಂದು ಗೊತ್ತಾಗುತ್ತಿರಲಿಲ್ಲ. ನನ್ನನ್ನು ಯಾರೋ ಟೀಚರೆಂದುಕೊಂಡು ಎದ್ದು ನಿಲ್ಲಲು ನೋಡಿದಳು. ಒಮ್ಮೆ ಕೂಗಾಟ, ಒಮ್ಮೆ ಮಂಪರು. ಮನೆಯಲ್ಲಿ ಮೊದಲೆರಡು ದಿನ ಸುಸ್ತೆಂದು ಮಲಗಿದ್ದಳಂತೆ; ಬಲ ಬರಲಿ ಎಂದು ಅಮ್ಮ ಸಾರಿನ ಜೊತೆಗೆ ಮೊಟ್ಟೆಯನ್ನೂ, ಹಾಲು ಹೆಚ್ಚುತ್ತದೆಂದು ತಾಟೆ ಮೀನನ್ನೂ ಸೇರಿಸಿದ್ದಳು. ಬಂದವರೆಲ್ಲ "ಬಾಣಂತಿ ಸನ್ನಿ" ಅಂದರು. ತಲೆಗೆ ಶೀತ ಏರಿದೆ, ಗಾಳಿ ಸೋಕಿದೆ, ಹೀಗೆ ಒಬ್ಬೊಬ್ಬರದು ಒಂದೊಂದು ಮಾತು. ವೈದ್ಯರು ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ಅವಳ ರಕ್ತದಲ್ಲಿ ಏನನ್ನು ಹುಡುಕಬೇಕಿತ್ತು ಎನ್ನುವುದು ಆಗ ನಮ್ಮ ಕಡೆ ಯಾರ ತಲೆಗೂ ಹೊಳೆಯುವಂಥದ್ದಾಗಿರಲಿಲ್ಲ. ಅಕ್ಕ ಉಳಿಯಲಿಲ್ಲ.

ಮಗುವನ್ನು ಅಮ್ಮನೇ ಸಾಕಿದಳು.

ಜನ ನನ್ನ ಬಗ್ಗೆ ಒಂದು ಕತೆ ಕಟ್ಟಿದ್ದಾರೆ: ಅಕ್ಕನ ಸಾವು ನೋಡಿ ಇವಳು ವಂಶವಾಹಿ ವಿಜ್ಞಾನ ಓದಿದಳು ಅಂತ. ಕೇಳಲು ಚೆನ್ನಾಗಿದೆ, ಆದರೆ ಅಪ್ಪಟ ಸುಳ್ಳು. ಬೇರೆ ವಿಭಾಗಗಳಲ್ಲಿ ಸೀಟು ಸಿಗಲಿಲ್ಲ, ರಾತ್ರಿಪಾಳಿ ಕಡಿಮೆ ಎಂದು ಯಾರೋ ಹೇಳಿದರು, ಹಾಗೆ ಬಂದು ಬಿದ್ದೆ. ಸೆಮಿನಾರುಗಳಲ್ಲಿ ಹಾರ ಹಾಕುವವರು ಈ ಕತೆ ಹೇಳಿ ಕಣ್ಣೊರೆಸಿಕೊಂಡಾಗ ನನಗೆ ಮೈ ಉರಿಯುತ್ತದೆ. ನನ್ನ ಸಿಟ್ಟು ವಿಭಾಗದಲ್ಲಿ ಪ್ರಸಿದ್ಧ, ಇರಲಿ.

ಕೆಲಸ ಸಿಕ್ಕಿದ್ದು ಊರಿಗೆ ಹತ್ತಿರದ ಒಂದು ವೈದ್ಯಕೀಯ ಕಾಲೇಜಿನಲ್ಲಿ. ಬ್ರಹ್ಮಾವರದಲ್ಲಿ ಮನೆ ಮಾಡಿದೆ. ನವಜಾತ ಶಿಶುಗಳ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು, ಹುಟ್ಟಿನಿಂದಲೇ ಬರುವ ಚಯಾಪಚಯದ ದೋಷಗಳನ್ನು ಹುಡುಕುವುದು ನನ್ನ ಕೆಲಸ. ತಿಂದದ್ದು ಮೈಗೆ ಹತ್ತುವ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಇರುತ್ತದೆ. ಅದು ತಾಯಿತಂದೆಯರಿಂದ ಬಂದದ್ದು. ಅದನ್ನು ಬೇಗ ಕಂಡರೆ ಮಗು ಉಳಿಯುತ್ತದೆ, ತಡವಾದರೆ ಇಲ್ಲ. ಸಿದ್ದಾಪುರ, ಶಂಕರನಾರಾಯಣ, ಬೈಂದೂರು ಎಂದು ಸುತ್ತಿ ಸುತ್ತಿ ನನಗೆ "ರಕ್ತ ಕೇಣು ಡಾಕ್ಟ್ರಮ್ಮ", ಅಂದರೆ ರಕ್ತ ಕೇಳುವ ಡಾಕ್ಟರು, ಎಂಬ ಹೆಸರು ಬಿತ್ತು.

ಕೆಲಸಕ್ಕೆ ಸೇರಿ ಹಲವು ವರ್ಷಗಳಾದ ಮೇಲೆ ಸಿದ್ದಾಪುರದ ಕಡೆಯಿಂದ ಒಬ್ಬ ಬಾಣಂತಿಯನ್ನು ಕರೆತಂದರು. ಹೆತ್ತು ವಾರವಾಗಿತ್ತು. ಕೂಗುತ್ತಿದ್ದಳು, ನಂತರ ಮಂಪರಿಗೆ ಜಾರುತ್ತಿದ್ದಳು, ಗಂಡನ ಗುರುತು ಹಿಡಿಯುತ್ತಿರಲಿಲ್ಲ. ಮಾನಸಿಕ ವಿಭಾಗಕ್ಕೆ ಸೇರಿಸಿದ್ದರು. ಅಲ್ಲಿನ ವೈದ್ಯೆಗೆ ಏನೋ ಸರಿಯೆನಿಸದೆ ನನ್ನನ್ನು ಕರೆದರು. ಮಂಚದ ಪಕ್ಕ ನಿಂತ ಅತ್ತೆ ಅಳುತ್ತಾ ಹೇಳಿದರು:

"ಎಂತ ಹೇಳುದ್ ಡಾಕ್ಟ್ರೇ, ಇವ್ಳ್ ಮೊದ್ಲಿಂದ್ಲೂ ಮೀನ್ ಮುಟ್ಟುದಿಲ್ಲೆ. ಬಾಣಂತಿ ಅಲ್ದಾ ಅಂದ್ಹೇಳಿ ನಾವೇ ಒತ್ತಾಯ ಮಾಡಿ ಮಾಡಿ ಕೋಳಿ ತಿನ್ಸದ್."

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು.

ರಕ್ತದಲ್ಲಿ ಅಮೋನಿಯಾ ನೋಡಿಸಿದೆವು. ಏರಿತ್ತು. ಮಾಂಸ, ಮೊಟ್ಟೆ, ಮೀನು ಎಲ್ಲ ನಿಲ್ಲಿಸಿ, ಗ್ಲೂಕೋಸ್ ಕೊಟ್ಟು, ವಿಷವನ್ನು ಹೊರಹಾಕುವ ಔಷಧಿ ಕೊಟ್ಟ ಮೇಲೆ ಆ ಹೆಣ್ಣುಮಗಳು ಎದ್ದು ಕೂತು ಮಗುವನ್ನು ಕೇಳಿದಳು. ಇಡೀ ವಿಭಾಗ ಸಂಭ್ರಮಪಟ್ಟಿತು. ಯಾರೋ ಲಾಡು ತಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ.

ಸುಲಭದಲ್ಲಿ ಹೇಳುವುದಾದರೆ ವಿಷಯ ಇಷ್ಟೇ. ಒಲೆ ಉರಿದರೆ ಬೂದಿ ಆಗುತ್ತದೆ. ಮೀನು, ಮಾಂಸ, ಬೇಳೆಯನ್ನು ದೇಹ ಉರಿಸಿದಾಗ ಆಗುವ ಬೂದಿ ಅಮೋನಿಯಾ. ಅದನ್ನು ದಿನವೂ ಬಾಚಿ ತೆಗೆಯುವ ಕೆಲಸ ಯಕೃತ್ತಿನದು. ಕೆಲವು ಹೆಂಗಸರಲ್ಲಿ ಬಾಚುವ ಶಕ್ತಿ ಅರ್ಧ ಮಾತ್ರ ಇರುತ್ತದೆ. ಅವರ ಮೈಗೆ ಅದು ಹೇಗೋ ಗೊತ್ತಿರುತ್ತದೆ, ಹಾಗಾಗಿ ಅವರಿಗೆ ಮೀನು ಸೇರುವುದಿಲ್ಲ. ಅವರು ತಮ್ಮಷ್ಟಕ್ಕೆ ಗಂಜಿ ಉಂಡುಕೊಂಡು ನೂರು ಕಾಲ ಬಾಳಬಲ್ಲರು. ಆದರೆ ಹೆರಿಗೆಯಾದ ಮೇಲೆ ದೊಡ್ಡದಾಗಿದ್ದ ಗರ್ಭಕೋಶ ಕುಗ್ಗುತ್ತಾ ಬರುತ್ತದೆ. ಅದೂ ಮಾಂಸವೇ, ಅದನ್ನೂ ದೇಹ ಉರಿಸುತ್ತದೆ. ಒಲೆ ತುಂಬಿದ ಆ ಹೊತ್ತಿಗೇ ನಾವು ಪ್ರೀತಿಯಿಂದ ಕೋಳಿ ಸಾರು ಹೊಯ್ಯುತ್ತೇವೆ. ಗಂಡುಮಕ್ಕಳಿಗೆ ಈ ದೋಷ ಬಂದರೆ ಬಾಚುವ ಶಕ್ತಿ ಅರ್ಧವೂ ಇರುವುದಿಲ್ಲ, ಹುಟ್ಟಿದ ವಾರದಲ್ಲೇ ಹೋಗಿಬಿಡುತ್ತವೆ. ಇದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ.

ಇಷ್ಟು ಬರೆಯಲು ನಾಲ್ಕು ಸಾಲು ಸಾಕು. ಅಕ್ಕ ಹೋದಾಗ ಈ ನಾಲ್ಕು ಸಾಲು ಪುಸ್ತಕದಲ್ಲಿ ಇರಲಿಲ್ಲ ಎಂದಲ್ಲ. ಎಲ್ಲೋ ಒಂದು ದಪ್ಪ ಪುಸ್ತಕದ ಸಣ್ಣ ಅಕ್ಷರದಲ್ಲಿ ಇದ್ದಿರಬೇಕು. ನಮ್ಮ ಊರಿಗೆ ಬಂದು ಮುಟ್ಟಿರಲಿಲ್ಲ.

ಅಲ್ಲಿಂದ ನನ್ನ ಸಂಶೋಧನೆಯ ದಾರಿಯೇ ಬದಲಾಯಿತು. ಮಗುವನ್ನು ಕಳೆದುಕೊಂಡ ಮನೆಗೆ ಹೋದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮನಿ ಹೆಣ್ಮಕ್ಳಲ್ಲಿ ಮೀನ್ ಸೇರ್ದಿದ್ದವ್ರ್ ಯಾರ್ ಇದ್ರ್?" ದೊಡ್ಡ ಊರಿನಿಂದ ಬಂದ ಸಹೋದ್ಯೋಗಿಗಳು ಇದನ್ನು ಕೇಳಿ ನಕ್ಕರು. ಆದರೆ ದಿನವೂ ಮೀನು ತಿನ್ನುವ ಮನೆಯಲ್ಲಿ ಮೀನು ತಿನ್ನದವಳು ಎದ್ದು ಕಾಣುತ್ತಾಳೆ, ಅವಳ ಬಗ್ಗೆ ಎಲ್ಲರಿಗೂ ಒಂದು ತಮಾಷೆ ಗೊತ್ತಿರುತ್ತದೆ. ಆ ತಮಾಷೆಯನ್ನೇ ಹಿಡಿದು ಹೋದರೆ ಅತ್ತೆ, ಚಿಕ್ಕಮ್ಮ, ಅಜ್ಜಿ, ಎಳವೆಯಲ್ಲಿ ಹೋದ ಗಂಡುಶಿಶುಗಳು ಎಲ್ಲ ಒಂದೊಂದಾಗಿ ಹೊರಬರುತ್ತವೆ. ಅಮೋನಿಯಾ ನೋಡುವ ರಕ್ತವನ್ನು ಐಸಿನಲ್ಲಿಟ್ಟು ತರಬೇಕು. ಹಳ್ಳಿಯಲ್ಲಿ ಐಸ್ ಇರುವುದು ಮೀನು ಮಾರುವವರ ಹತ್ತಿರ. ಮೀನು ಸೇರದ ಹೆಂಗಸರ ರಕ್ತ ಮೀನಿನ ಐಸಿನಲ್ಲಿ ಕೂತು ಪ್ರಯೋಗಾಲಯಕ್ಕೆ ಬರುತ್ತಿತ್ತು, ಅಲ್ಲಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಹೀಗೆ ಮನೆ ಮನೆಗೆ ಹೋಗಿ ತಾಯಂದಿರ ಕೈಹಿಡಿದು "ಇದು ನಿಮ್ಮ ತಪ್ಪಲ್ಲ" ಎಂದು ಹೇಳುವುದು ನನ್ನ ಉದ್ಯೋಗದ ಭಾಗ. ಎಷ್ಟು ಜನರಿಗೆ ಹೇಳಿದ್ದೇನೋ. ನನ್ನ ಅಮ್ಮನಿಗೆ ಮಾತ್ರ ಹೇಳಲಿಲ್ಲ. ಹೇಳಬೇಕಾದರೆ ಮೊದಲು ತಪ್ಪು ಯಾವುದೆಂದು ಹೇಳಬೇಕಲ್ಲ. ತನ್ನ ಕೈಯಾರೆ ಕೊಟ್ಟ ಸಾರು ಮಗಳ ಪ್ರಾಣ ತೆಗೆಯಿತೆಂದು ಗೊತ್ತಿಲ್ಲದೆ ಬದುಕುತ್ತಿರುವ ಹೆಂಗಸಿಗೆ, ಅದನ್ನು ತಿಳಿಸಿ, ಮರುಕ್ಷಣವೇ ನಿನ್ನ ತಪ್ಪಲ್ಲ ಎಂದು ಸಮಾಧಾನ ಮಾಡುವುದು ಯಾವ ನ್ಯಾಯ? ಸತ್ತವಳು ಸತ್ತಳು. ಅಮ್ಮನಿಗೆ ತಿಳಿಯದೆಯೇ ಇರಲಿ ಎಂದು ನಿರ್ಧಾರ ಮಾಡಿದೆ.

ಆ ನಿರ್ಧಾರ ಅಕ್ಕನ ಮಗಳು ಬಸುರಿಯಾಗುವವರೆಗೆ ನಡೆಯಿತು.

ಅವಳನ್ನು ಕುಂದಾಪುರಕ್ಕೆ ಕೊಟ್ಟಿದ್ದೆವು. ಅವಳಿಗೂ ಮೀನು ಸೇರದು. ಈಗಿನ ಕಾಲದಲ್ಲಿ ಅದನ್ನು ಯಾರೂ ತಮಾಷೆ ಮಾಡುವುದಿಲ್ಲ, "ನಮ್ಮವ್ಳ್ ವೆಜ್" ಎಂದು ಗಂಡ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ನಾನು ಅವಳನ್ನು ಕೂರಿಸಿ ಎಲ್ಲವನ್ನೂ ವಿವರಿಸಿದೆ. ಅವಳು ತಾಯಿಯನ್ನು ಫೋಟೋದಲ್ಲಿ ಮಾತ್ರ ನೋಡಿದವಳು. "ಚಿಕ್ಕಮ್ಮ, ಅಜ್ಜಿಗೆ ಹೇಳೂದ್ ಬ್ಯಾಡ," ಅಂದಳು. ಪರೀಕ್ಷೆಯಲ್ಲಿ ಅವಳಿಗೂ ದೋಷ ಇರುವುದು ಖಚಿತವಾಯಿತು. ಗರ್ಭದಲ್ಲಿರುವಾಗಲೇ ಮಗುವಿನದನ್ನೂ ನೋಡಿಸಿದೆವು, ಮಗುವಿಗೆ ದಾಟಿರಲಿಲ್ಲ. ಅಮ್ಮನ ರಕ್ತ ತೆಗೆಯುವ ಅಗತ್ಯವೇ ಬೀಳಲಿಲ್ಲ. ಅಮ್ಮನ ತಾಯಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡವಳು, ಅಮ್ಮನ ಎರಡು ಗಂಡುಮಕ್ಕಳು ಹಾಗೆ ಹೋದವು, ಮಗಳು ಹೀಗೆ ಹೋದಳು. ಇನ್ನು ನೋಡುವುದೇನಿದೆ? ಬೇರೆಯವರ ಮನೆಯಲ್ಲಿ ಇಷ್ಟು ಕೇಳಿದ್ದರೆ ನಾನು ಆಗಲೇ ವಂಶದ ಚಿತ್ರ ಬರೆದು ಮುಗಿಸುತ್ತಿದ್ದೆ. ನನ್ನ ರಕ್ತವನ್ನೂ ಪರೀಕ್ಷಿಸಿಕೊಂಡೆ, ನನಗೆ ದೋಷ ಬಂದಿಲ್ಲ. ಎರಡು ತುಂಡು ಬಂಗುಡೆ ತಿಂದು ಅರಗಿಸಿಕೊಂಡವಳಿಗೆ ಆ ಪರೀಕ್ಷೆಯೂ ಬೇಕಿರಲಿಲ್ಲ.

ಅಪಾಯವೆಲ್ಲ ಇದ್ದದ್ದು ಹೆರಿಗೆಯ ನಂತರದ ದಿನಗಳಲ್ಲಿ. ಬಿಜೂರಿನಲ್ಲಿ ಅಮ್ಮ ಮತ್ತೆ ಕೋಳಿ ಸಾಕಲು ಸುರುಮಾಡಿದ್ದಳು. ಎಪ್ಪತ್ತೈದು ದಾಟಿದರೂ ಮೊಮ್ಮಗಳ ಬಾಣಂತನ ತನ್ನ ಕೈಯಿಂದಲೇ ಆಗಬೇಕು ಎಂಬುದು ಅವಳ ಹಟ. ನಾನು ಉಪಾಯವಾಗಿ, ಆಸ್ಪತ್ರೆಗೆ ಹತ್ತಿರ ಎಂಬ ನೆಪದಲ್ಲಿ ಬಾಣಂತನವನ್ನು ಬ್ರಹ್ಮಾವರದ ನನ್ನ ಮನೆಗೆ ಎಳೆದೆ. ಈಗಿನ ಡಾಕ್ಟರು ಬಾಣಂತಿಗೆ ಗಂಜಿ, ತುಪ್ಪ, ತರಕಾರಿ ಮಾತ್ರ ಕೊಡಬೇಕು ಅನ್ನುತ್ತಾರೆ, ಹೊಸ ಪದ್ಧತಿ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ನೀನ್ ಹೆತ್ತವ್ಳಲ್ಲ. ನಿಂಗೆಂತ ಗೊತ್ತಿತ್ತ್?" ಅಂದಳು. ನಾನು ಮದುವೆಯಾಗಿಲ್ಲ. ಆ ಮಾತನ್ನು ಅಮ್ಮ ಹಿಂದೆ ಎಂದೂ ಆಡಿರಲಿಲ್ಲ.

ಹೆರಿಗೆ ಸುಸೂತ್ರವಾಯಿತು. ಮಗುವನ್ನೂ ಬಾಣಂತಿಯನ್ನೂ ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಅಮ್ಮ ಬಿಜೂರಿನಿಂದ ಬಸ್ಸಿನಲ್ಲಿ ಬಂದಿಳಿದಳು. ಗೋಣಿಚೀಲದೊಳಗೆ ಎರಡು ಕೋಳಿ. ಕಂಡಕ್ಟರ್ ದಾರಿಯುದ್ದಕ್ಕೂ "ಹ್ವಾಯ್ ಅಮ್ಮ, ಕೋಳಿಗೂ ಟಿಕೇಟ್ ತಕಣಿ" ಎಂದು ಕಾಡಿಸಿದನಂತೆ. "ಅದ್ ನಿಂತ್ಕಂಡೇ ಬತ್ತಿತ್ತ್, ಸೀಟ್ ಬ್ಯಾಡ ಅಂದೆ" ಎಂದು ಹೇಳಿ ತಾನೇ ನಕ್ಕಳು. ನಾನೂ ನಕ್ಕೆ. ಕೋಳಿಗಳನ್ನು ಹಿತ್ತಿಲಿನ ತೆಂಗಿನ ಬುಡಕ್ಕೆ ಕಟ್ಟಿದಳು. ನಾನು ನೆರೆಮನೆಗೆ ಕೊಟ್ಟುಬಿಡೋಣ ಅಂದಾಗ, "ಇರ್ಲಿ, ಕೂಗ್ತ್, ಮನೆಗೊಂದ್ ಜೀವ್ಕಳೆ" ಅಂದಳು.

ಮೂರ್ನಾಲ್ಕು ದಿನ ಗಂಜಿ, ತುಪ್ಪ, ಪಡುವಲಕಾಯಿ ಪಲ್ಯ ನಡೆಯಿತು. ನಾನು ದಿನವೂ ಬಾಣಂತಿಯ ರಕ್ತ ತೆಗೆದು ಕಾಲೇಜಿಗೆ ಒಯ್ಯುತ್ತಿದ್ದೆ. ಎಲ್ಲ ಸರಿಯಾಗಿತ್ತು. ಅಮ್ಮ ಮೊಮ್ಮಗಳಿಗೆ ಎಣ್ಣೆ ತಿಕ್ಕಿ ನೀರು ಹೊಯ್ಯುವಳು, ಮರಿಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವಳು, ನನ್ನೊಡನೆ ಮಾತ್ರ ಬಿಗಿಯಾಗಿದ್ದಳು. ಸೂಜಿ ನೋಡಿದಾಗಲೆಲ್ಲ ಮುಖ ತಿರುಗಿಸುವಳು. ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಬೇಗ ಮನೆಗೆ ಬಂದೆ. ಗೇಟು ತೆಗೆಯುವಾಗಲೇ ಆ ಪರಿಮಳ ಬಂತು. ಕಾಳುಮೆಣಸು, ಬೆಳ್ಳುಳ್ಳಿ. ಹಿತ್ತಿಲಲ್ಲಿ ಒಂದೇ ಕೋಳಿ ಇತ್ತು.

ಕೋಣೆಯೊಳಗೆ ಅದೇ ಚಿತ್ರ. ತಲೆಗೆ ಬಟ್ಟೆ ಕಟ್ಟಿದ ಬಾಣಂತಿ, ಎದುರಿಗೆ ಮಣೆ, ಬಟ್ಟಲು ಹಿಡಿದ ಅಮ್ಮ. ಅಕ್ಕನ ಮಗಳು ಎರಡೂ ಕೈಯಿಂದ ಬಟ್ಟಲನ್ನು ಆಚೆ ತಳ್ಳುತ್ತಾ, "ಅಜ್ಜಿ ಬ್ಯಾಡ, ಅಜ್ಜಿ ಬ್ಯಾಡ" ಎಂದು ಅಳುತ್ತಿದ್ದಳು. ಯಾಕೆ ಬೇಡ ಎಂದು ಹೇಳಲಾರಳು, ಹೇಳಬಾರದೆಂದು ತಾನೇ ನನ್ನಿಂದ ಮಾತು ತೆಗೆದುಕೊಂಡವಳು. ನಾನು ಬಟ್ಟಲನ್ನು ಅಮ್ಮನ ಕೈಯಿಂದ ಕಿತ್ತುಕೊಂಡೆ. ಬಿಸಿ ಸಾರು ಕೈಮೇಲೆ ಚೆಲ್ಲಿತು, ಉರಿ ಗೊತ್ತಾಗಲಿಲ್ಲ. ಹಿತ್ತಿಲ ಬಾಗಿಲಿಗೆ ಓಡಿ ಬಾಳೆಯ ಬುಡಕ್ಕೆ ಪೂರ ಹೊಯ್ದುಬಿಟ್ಟೆ. ಅಕ್ಕನಿಗೂ ಹೀಗೇ ಕುಡಿಸಿದ್ದೆಯಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು, ಅದನ್ನು ಹಲ್ಲು ಕಚ್ಚಿ ನುಂಗಿದೆ.

ತಿರುಗಿ ನೋಡಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಬಾಳೆಯ ಬುಡವನ್ನು ನೋಡುತ್ತಿದ್ದಳು.

"ನಾನೂ ಹಾಂಗೇ ಹೊಯ್ತಿದ್ದೆ," ಅಂದಳು.

"ಎಂತ?"

"ಅತ್ತೆ ಕೊಟ್ಟ ಸಾರ್. ನಂಗೆ ತಾಯಿ ಇಲ್ಯಲೆ, ಅತ್ತೆಯೇ ಬಾಣಂತನ ಮಾಡದ್. ಅದನ್ ಕುಡುದ್ರೆ ಹೊಟ್ಟಿ ತೊಳ್ಸ್ತಿತ್ತ್, ತಲೆ ಗಿಂವ್ ಅಂತಿತ್ತ್. ಅ‌ತ್ತೆ ಆಚಿಗೆ ಹೋದ್ ಕೂಡ್ಲೆ ಬಾಳಿ ಬುಡಕ್ಕೆ ಹೊಯ್ತಿದ್ದೆ. ಮೀನೂ ಹಾಂಗೇ. ನಂಗೆ ಯಾವತ್ತೂ ಸೇರ್ಲಿಲ್ಲೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಹದಿನೆಂಟು ವರ್ಷ ಅವಳ ಕೈಯ ಅಡುಗೆ ಉಂಡವಳು, ಜಿಲ್ಲೆಯ ಹೆಂಗಸರ ಬಟ್ಟಲಿನಲ್ಲೆಲ್ಲ ಇಣುಕಿದವಳು ನಾನು. ಅಮ್ಮನೂ ಬಂದು ಪಕ್ಕದಲ್ಲಿ ಕೂತಳು.

"ಎರಡ್ ಮಾಣಿಯರೂ ಹೋದ್ರಲೆ. ಆಮೇಲೆ ಅತ್ತಿಗೆ ಬಾಳಿ ಬುಡದಗೆ ಕೋಳಿ ಎಲ್ಬ್ ಸಿಕ್ತ್. 'ಮಕ್ಳ ಹಾಲ್ ಬಾಳಿಗ್ ಹೊಯ್ದೆ, ಮಕ್ಳನ್ನ ನೀನೇ ಕೊಂದೆ' ಅಂದ್ರ್. ನೀ ಹುಟ್ಟುವತಿಗೆ ಅತ್ತೆ ಇರ್ಲಿಲ್ಲೆ, ಕೊಡುವವ್ರೂ ಇಲ್ಲೆ, ಹೊಯ್ಯುದೂ ಇಲ್ಲೆ. ನಿನ್ನಕ್ಕ ಹೆತ್ಕಂಡ್ ಬಂದಾಗ ನಾ ಮನ್ಸಲ್ ಗಟ್ಟಿ ಮಾಡ್ಕಂಡೆ. ನಾ ಮಾಡದ್ ತಪ್ಪ್ ನನ್ ಹೆಣ್ಣ್ ಮಾಡೂಕಾಗ. ಎದ್ರಿಗೇ ಕೂಕಂಡ್ ಕುಡ್ಸದೆ. ಒಂದ್ ಹನಿ ಬಿಡ್ಲಿಲ್ಲೆ."

ಅಷ್ಟು ವರ್ಷ ಅಮ್ಮ ಏನೂ ತಿಳಿಯದೆ ನೆಮ್ಮದಿಯಾಗಿದ್ದಾಳೆ, ಆ ನೆಮ್ಮದಿ ಕಾಯುವುದು ನನ್ನ ಕೆಲಸ ಎಂದುಕೊಂಡಿದ್ದೆನಲ್ಲ, ಎಂಥ ಮೂರ್ಖಳು ನಾನು. ಅವಳು ಎರಡು ಮಕ್ಕಳನ್ನು ಕೊಂದವಳು ಎಂಬ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಅರ್ಧ ಶತಮಾನ ಬದುಕಿದ್ದಳು. ಆ ಗಂಟನ್ನು ಬಿಚ್ಚುವ ಮಾತು ನನ್ನ ಹತ್ತಿರ ಇತ್ತು. ಊರಿನ ತಾಯಂದಿರಿಗೆಲ್ಲ ಹಂಚಿದ್ದೆ. ಅವಳಿಗೆ ಹೇಳಬೇಕಾದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆಂದು ಮುಚ್ಚಿಟ್ಟಿದ್ದೆ. ಈಗ ಸುಮ್ಮನಿದ್ದರೆ ಮೊಮ್ಮಗಳ ಬಟ್ಟಲಿಗೆ ಉಳಿದೊಂದು ಕೋಳಿಯೂ ಬರುತ್ತದೆ.

"ಅಮ್ಮ, ಮಾಣಿಯರ್ ಹೋದ್ದ್ ನೀ ಸಾರ್ ಹೊಯ್ದದ್ದಕ್ಕಲ್ಲ," ಅಂದೆ. "ಅದ್ ಹುಟ್ಟುವತಿಗೇ ಇದ್ದ ಸೀಕ್. ನೀ ಎಷ್ಟ್ ಕುಡುದಿದ್ರೂ ಅವ್ರ್ ಉಳೀತಿರ್ಲಿಲ್ಲೆ. ನಮ್ ಸಂತಾನದ ಹೆಣ್ಮಕ್ಳಿಗೆ ಕೋಳಿ, ಮೀನ್ ಆತಿಲ್ಲೆ. ಬಾಣಂತಿಗಂತೂ ಅದೇ ವಿಷ."

ಒಂದೇ ಉಸಿರಿಗೆ ಹೇಳಿದೆ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗಲಿಲ್ಲ, ಅಕ್ಕನ ಹೆಸರು ಮಾತ್ರ ಎತ್ತಲಿಲ್ಲ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಒಳಗೆ ಮಗು ಅಳುವುದು, ಅಕ್ಕನ ಮಗಳು ಅದನ್ನು ಸಂತೈಸುವುದು ಕೇಳಿಸುತ್ತಿತ್ತು.

"ಹಾಂಗಾರೆ ನಾ ಹೊಯ್ದದ್ದೇ ಸಮ?"

"ಸಮ, ಅಮ್ಮ. ಅದೇ ಸರಿ."

ಅವಳ ಮುಖದಲ್ಲಿ ಏನೋ ಸಡಿಲವಾದದ್ದನ್ನು ನಾನು ಕಂಡೆ. ಅದು ಇದ್ದದ್ದು ಸ್ವಲ್ಪವೇ ಹೊತ್ತು. ಎರಡು ಗಂಡುಮಕ್ಕಳ ಭಾರ ಇಳಿದು, ಮಗಳ ಭಾರ ಏರುವುದಕ್ಕೆ ನಡುವೆ ಸಿಕ್ಕಷ್ಟು. ಅದನ್ನು ನೋಡಿದ ನನಗೆ ಈ ವಿದ್ಯೆಯನ್ನು ಯಾಕಾದರೂ ಕಲಿತೆನೋ ಅನ್ನಿಸಿತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಅಮ್ಮ ಸೆರಗಿನಿಂದ ನನ್ನ ಸುಟ್ಟ ಕೈ ಒರೆಸಿದಳು. ಖಾಲಿ ಬಟ್ಟಲನ್ನು ತೆಗೆದುಕೊಂಡು ಎದ್ದಳು. ಬಾಗಿಲಿನವರೆಗೆ ಹೋದವಳು ತಿರುಗಿ ನಿಂತಳು.

"ಹೊಯ್ಯೂಕೆ ನಿನ್ನಕ್ಕಂಗೂ ಹೇಳ್ಕೊಡ್ಕಿತ್ತ್," ಅಂದಳು.

ಅಮ್ಮ ಒಳಗೆ ಹೋಗಿ, ಬಟ್ಟಲು ತೊಳೆದು, ಮೊಮ್ಮಗಳಿಗೆ ಗಂಜಿಗೆ ಅಕ್ಕಿ ಇಟ್ಟಳು.